ಓದುಗರ ಪ್ರಶ್ನೆ: ಅಗಲಿದವರನ್ನು ಮರೆಸುವ ಚಿಕಿತ್ಸೆಯೇ ಇದು?

ಪ್ರಶ್ನೆ: ನನ್ನ ಪತಿ ತೀರಿಕೊಂಡು ಹದಿನಾಲ್ಕು ತಿಂಗಳಾದವು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಅವರ ಪಕ್ಕದಲ್ಲೇ ಇದ್ದೆ. ಕೊನೆಯ ರಾತ್ರಿ ಅರ್ಧ ಗಂಟೆ ಕಣ್ಣು ಹತ್ತಿತು. ಎಚ್ಚರವಾದಾಗ ಎಲ್ಲವೂ ಮುಗಿದಿತ್ತು. ಆ ಅರ್ಧ ಗಂಟೆಯನ್ನು ನನ್ನಿಂದ ಕ್ಷಮಿಸಿಕೊಳ್ಳಲು ಆಗುತ್ತಿಲ್ಲ. ಅವರು ಓದುತ್ತಿದ್ದ ಕೋಣೆಯ ಬಾಗಿಲನ್ನು ಇಂದಿಗೂ ತೆರೆದಿಲ್ಲ, ಆಸ್ಪತ್ರೆಯ ರಸ್ತೆಯಲ್ಲಿ ಓಡಾಡುವುದಿಲ್ಲ. ಥೆರಪಿಸ್ಟರನ್ನು ಕಾಣೋಣ ಎಂದು ಮಗಳು ಒತ್ತಾಯಿಸುತ್ತಿದ್ದಾಳೆ. ದುಃಖಕ್ಕೂ ಚಿಕಿತ್ಸೆ ಇದೆಯೇ? ಅವರನ್ನು ಮರೆಯುವಂತೆ ಮಾಡಿಬಿಡುತ್ತಾರೇನೋ ಎಂಬ ಭಯ ನನಗಿದೆ.

ಉತ್ತರ: ನಿಮ್ಮ ಭಯಕ್ಕೆ ಹಳೆಯ ಬೇರಿದೆ. ಅಗಲಿದವರಲ್ಲಿ ನೆಟ್ಟ ಮನಸ್ಸನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಬರೆದಿದ್ದರು. ಆ ವಿಚಾರ ಹಲವು ದಶಕ ಚಿಕಿತ್ಸಕರ ಮೇಲೆ ಪ್ರಭಾವ ಬೀರಿತ್ತು. ಆದರೆ ಸಂಗಾತಿಯನ್ನೋ ತಂದೆತಾಯಿಯನ್ನೋ ಕಳೆದುಕೊಂಡವರ ಮಾತನ್ನು ಸಂಶೋಧಕರು ಕಿವಿಗೊಟ್ಟು ಕೇಳತೊಡಗಿದಾಗ, ಬಹಳಷ್ಟು ಮಂದಿ ನಂಟನ್ನು ಕಡಿದುಕೊಳ್ಳದೆಯೇ, ಅದರ ರೂಪವನ್ನು ಬದಲಿಸಿಕೊಂಡು ಬದುಕುತ್ತಿರುವುದು ಕಂಡುಬಂತು. 1990ರ ದಶಕದಿಂದೀಚೆಗೆ ಈ ತಿಳಿವಳಿಕೆ ಚಿಕಿತ್ಸೆಯ ಒಳಕ್ಕೂ ಬಂದಿದೆ. ನಿಮ್ಮ ಪತಿಯನ್ನು ಮರೆತುಬಿಡಿ ಎಂದು ಯಾರಾದರೂ ಹೇಳಿದರೆ ಚಿಕಿತ್ಸಕರನ್ನು ಬದಲಿಸಿ. ಈ ಮಾತನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಇನ್ನು ದುಃಖವೇ ಕಾಯಿಲೆ ಎಂದು ಯಾರೂ ಹೇಳುವುದಿಲ್ಲ. ಹೆಚ್ಚಿನವರು ಚಿಕಿತ್ಸೆಯಿಲ್ಲದೆಯೇ, ಹತ್ತಿರದವರ ಆಸರೆಯಲ್ಲಿ, ನಿಧಾನವಾಗಿ ಬದುಕಿಗೆ ಮರಳುತ್ತಾರೆ. ಶೋಕಕ್ಕೆ ಐದು ಹಂತಗಳಿವೆ ಎಂಬ ಮಾತನ್ನು ನೀವೂ ಕೇಳಿರಬಹುದು. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅವನ್ನು ವಿವರಿಸಿದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳ ಮಾತುಗಳ ಆಧಾರದಲ್ಲಿ, ಅಗಲಿಕೆಯಲ್ಲಿ ಉಳಿದವರನ್ನು ನೋಡಿ ಅಲ್ಲ. ಆದ್ದರಿಂದ ನಾನು ಯಾವ ಹಂತದಲ್ಲಿದ್ದೇನೆ ಎಂದು ಲೆಕ್ಕ ಹಾಕುವ ಕಷ್ಟ ನಿಮಗೆ ಬೇಡ. ನನಗೆ ಹೆಚ್ಚು ಉಪಯುಕ್ತವಾಗಿ ಕಂಡಿರುವುದು ಶೋಕದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಮುಂದಿಟ್ಟ ವಿಚಾರ. ದುಃಖಿತರು ಒಮ್ಮೆ ಕಳೆದುಕೊಂಡವರ ನೆನಪಿನ ಕಡೆಗೆ, ಮತ್ತೊಮ್ಮೆ ಮುಂದಿನ ಬದುಕಿನ ಕೆಲಸಗಳ ಕಡೆಗೆ ತೂಗುಯ್ಯಾಲೆಯಂತೆ ಓಲಾಡುತ್ತಿರುತ್ತಾರೆ, ಆ ಓಲಾಟವೇ ಆರೋಗ್ಯ ಎನ್ನುತ್ತಾರೆ ಅವರು. ತೆರೆಯದ ಕೋಣೆ, ತಪ್ಪಿಸಿಕೊಂಡ ರಸ್ತೆ, ಬಿಟ್ಟುಹೋಗದ ಅರ್ಧ ಗಂಟೆ ಇವೆಲ್ಲವನ್ನೂ ನೋಡಿದರೆ ನಿಮ್ಮ ಉಯ್ಯಾಲೆ ಎಲ್ಲೋ ಸಿಕ್ಕಿಹಾಕಿಕೊಂಡಂತಿದೆ.

ಹೀಗೆ ಸಿಕ್ಕಿಕೊಂಡ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ದೀರ್ಘಕಾಲೀನ ಶೋಕದ ತೊಂದರೆ ಎಂದು ಗುರುತಿಸುತ್ತದೆ. ಈ ಪಟ್ಟಿ 2022ರಿಂದ ಜಾರಿಯಲ್ಲಿದೆ. ತೀವ್ರವಾದ ಹಂಬಲ ಕನಿಷ್ಠ 6 ತಿಂಗಳು ಉಳಿದು ದಿನನಿತ್ಯದ ಬದುಕನ್ನು ಕೆಡಿಸುತ್ತಿರಬೇಕು ಎನ್ನುವುದು ಅದರ ಅಳತೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ವಯಸ್ಕರಿಗೆ 12 ತಿಂಗಳ ಗಡುವು ಇಟ್ಟಿದೆ. ನಿಮಗೆ ಈ ತೊಂದರೆ ಇದೆಯೇ ಎಂಬುದನ್ನು ಪತ್ರ ಓದಿ ತೀರ್ಮಾನಿಸುವುದು ತಪ್ಪಾದೀತು, ಆದರೆ ಮಗಳ ಸಲಹೆ ಸರಿಯಾಗಿದೆ.

ಈ ತೊಂದರೆಗೆಂದೇ ಮನೋವೈದ್ಯೆ ಕ್ಯಾಥರಿನ್ ಶಿಯರ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಚಿಕಿತ್ಸೆ ಸುಮಾರು 16 ಭೇಟಿಗಳದು, ವಾರಕ್ಕೊಂದರಂತೆ. ದಿನದಲ್ಲಿ ದುಃಖ ಯಾವಾಗ ಹೆಚ್ಚಿತ್ತು, ಯಾವಾಗ ಇಳಿದಿತ್ತು ಎಂದು ನೀವು ದಿನಚರಿಯಲ್ಲಿ ಗುರುತಿಸುತ್ತೀರಿ. ಆರಂಭದ ಒಂದು ಭೇಟಿಗೆ ಮಗಳಂಥ ಆಪ್ತರೊಬ್ಬರನ್ನು ಕರೆತರಲು ಹೇಳುತ್ತಾರೆ. ಮುಂದಿನ ಭಾಗ ಕಷ್ಟದ್ದು: ಕಣ್ಣು ಮುಚ್ಚಿಕೊಂಡು, ಸಾವಿನ ಸುದ್ದಿ ತಿಳಿದ ಆ ಗಳಿಗೆಯನ್ನು ಈಗಲೇ ನಡೆಯುತ್ತಿದೆಯೋ ಎಂಬಂತೆ ಹೇಳಬೇಕು, ಅದನ್ನು ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ಕೇಳಬೇಕು. ಹೇಳಿಹೇಳಿ ಆ ನೆನಪಿನ ಮೊನೆ ಮೊಂಡಾಗುತ್ತದೆ. ಕೋಣೆ ಮತ್ತು ರಸ್ತೆಯಂಥ ದೂರವಿಟ್ಟ ಜಾಗಗಳ ಬಳಿಗೆ ಹಂತಹಂತವಾಗಿ, ನೀವು ಒಪ್ಪಿದ ವೇಗದಲ್ಲಿ, ಹೋಗುವ ಅಭ್ಯಾಸವೂ ಇದರಲ್ಲಿದೆ. ಕೊನೆಯ ಭಾಗದಲ್ಲಿ ನೀವು ಪತಿಯೊಂದಿಗೆ ಕಲ್ಪನೆಯಲ್ಲಿ ಮಾತನಾಡುತ್ತೀರಿ, ಅವರ ಉತ್ತರವನ್ನೂ ನೀವೇ ಹೇಳುತ್ತೀರಿ. ಮರೆಸುವ ಚಿಕಿತ್ಸೆಯಾಗಿದ್ದರೆ ಇಂಥ ಮಾತುಕತೆಗೆ ಅಲ್ಲಿ ಜಾಗ ಎಲ್ಲಿರುತ್ತಿತ್ತು?

ಆ ಮಾತುಕತೆಯಲ್ಲಿ ಅರ್ಧ ಗಂಟೆಯ ವಿಷಯವನ್ನು ಅವರನ್ನೇ ಕೇಳಬಹುದು. ಪತ್ರ ಓದುವಾಗ ನನಗೆ ಕಂಡದ್ದನ್ನು ಹೇಳುತ್ತೇನೆ: ಹನ್ನೊಂದು ದಿನಗಳಿಗೆ ನೀವು ಒಂದೇ ವಾಕ್ಯ ಕೊಟ್ಟಿದ್ದೀರಿ, ಅರ್ಧ ಗಂಟೆಗೆ ಮೂರು.

ಮಾತ್ರೆಯಿಂದ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಖಿನ್ನತೆಗೆ ಕೊಡುವ ಸಿಟಾಲೊಪ್ರಾಮ್ ಎಂಬ ಔಷಧವನ್ನು ಈ ಚಿಕಿತ್ಸೆಗೆ ಸೇರಿಸಿದರೂ ಶೋಕ ಹೆಚ್ಚೇನೂ ಇಳಿಯಲಿಲ್ಲ. ಜೊತೆಗಿದ್ದ ಖಿನ್ನತೆಯ ಲಕ್ಷಣಗಳು ಮಾತ್ರ ಇಳಿದವು. ಖಿನ್ನತೆಯೂ ಇದ್ದರೆ ಮನೋವೈದ್ಯರು ಔಷಧದ ಬಗ್ಗೆ ನಿರ್ಧರಿಸಲಿ. ಪತಿ ಇರುವಲ್ಲಿಗೇ ಹೋಗಿಬಿಡೋಣ ಎಂಬಂಥ ಯೋಚನೆ ಬಂದರೆ ಮಾತ್ರ ಭೇಟಿಯ ದಿನಕ್ಕಾಗಿ ಕಾಯದೆ ಅಂದೇ ಮಗಳಿಗೆ ತಿಳಿಸಿ, ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ: ನಾನೇ ಬಯಸಿ ಪಡೆದ ವಿಚ್ಛೇದನಕ್ಕೆ ಎಂಟು ತಿಂಗಳಾದರೂ ಅಳು ನಿಂತಿಲ್ಲ. ಯಾರೂ ಸತ್ತಿಲ್ಲವಲ್ಲ, ಇದನ್ನೂ ಶೋಕ ಎನ್ನಬಹುದೇ?

ಉತ್ತರ: ಧಾರಾಳವಾಗಿ ಎನ್ನಬಹುದು. ಸಮಾಜ ಒಪ್ಪದ, ಸಾಂತ್ವನ ಹೇಳಲು ಯಾರೂ ಬಾರದ ಇಂಥ ದುಃಖದ ಬಗ್ಗೆ ಶೋಕದ ಸಂಶೋಧಕ ಕೆನೆತ್ ಡೋಕಾ 1989ರಿಂದಲೇ ಬರೆಯುತ್ತ ಬಂದಿದ್ದಾರೆ. ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ ಬದಲಾವಣೆಗಳಿಗೆ ಅಂಕ ಕೊಟ್ಟಾಗ ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ನಿವೃತ್ತಿಗೆ 45 ಬಂದವು. ಸಂತೋಷದ ಮದುವೆಗೂ 50 ಇತ್ತು. ಬೇಕೆಂದು ತಂದುಕೊಂಡ ಬದಲಾವಣೆಯೂ ಹೊರೆಯೇ ಎಂಬುದು ಇದರಿಂದ ತಿಳಿಯುತ್ತದೆ.

ಮೇಲೆ ಹೇಳಿದ 16 ಭೇಟಿಗಳ ಚಿಕಿತ್ಸೆ ಸಾವಿನ ಅಗಲಿಕೆಗಾಗಿ ರೂಪಿಸಿದ್ದು; ನಿಮಗೆ ಆಪ್ತಸಮಾಲೋಚನೆ ಸಾಕಾದೀತು. ಹೋಗುವ ಮೊದಲು, ಕಳೆದುಕೊಂಡದ್ದು ಏನೇನು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಆ ವ್ಯಕ್ತಿ, ಆ ಮನೆ, ಇಬ್ಬರಿಗೂ ಬೇಕಾಗಿದ್ದ ಗೆಳೆಯರು, ಮುಪ್ಪಿನ ಬಗ್ಗೆ ಕಟ್ಟಿಕೊಂಡಿದ್ದ ಚಿತ್ರ. ಮೊದಲ ಭೇಟಿಯಲ್ಲಿ ಆ ಹಾಳೆಯನ್ನು ಸಮಾಲೋಚಕರ ಮುಂದಿಡಿ. ಅವರು ಅದನ್ನು ಓದದೆ, ಹೊಸ ಸಂಬಂಧದ ಮಾತನ್ನೇ ಮೊದಲು ಎತ್ತಿದರೆ, ಇನ್ನೊಬ್ಬರನ್ನು ಹುಡುಕಿ.