ಕೋಸ್ಟಾ ಬ್ರಾವಾಕ್ಕೆ ಮೂರು ದಿನ ಸಾಕಾ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಹೆಂಡತಿ, 67 ವರ್ಷದ ಅಮ್ಮ ಬಾರ್ಸಿಲೋನಾಕ್ಕೆ ಹೋಗುತ್ತಿದ್ದೇವೆ. ಸ್ಪೇನ್‌ನ ಈಶಾನ್ಯ ಕರಾವಳಿ ಕೋಸ್ಟಾ ಬ್ರಾವಾಕ್ಕೆ ಅಂತ 3 ದಿನ ಇಟ್ಟಿದ್ದೇವೆ. ಬ್ಲಾನೆಸ್‌ನಿಂದ ಫ್ರಾನ್ಸ್ ಗಡಿಯವರೆಗೆ ಕಾರಿನಲ್ಲಿ ಪೂರ್ತಿ ನೋಡಬಹುದಾ? ಅಮ್ಮನಿಗೆ ಮಂಡಿನೋವು. ನಾವು ಮೀನು, ಮಾಂಸ ತಿನ್ನುವುದಿಲ್ಲ.

ಉತ್ತರ: ಪೂರ್ತಿ ಓಡಾಡಬಹುದು. ಆದರೆ ಕಡಲು ಕಾಣುವುದಿಲ್ಲ. ಮೊದಲ ಸಲ ನಾನೂ 2 ದಿನದಲ್ಲಿ 6 ಊರು ಸುತ್ತಿದೆ. ಈಗ ನೆನಪಿರುವುದು ಕಾರು ನಿಲ್ಲಿಸಲು ಜಾಗ ಹುಡುಕಿದ್ದೇ. 1908ರಲ್ಲಿ ಪತ್ರಕರ್ತ ಫೆರಾನ್ ಅಗುಲ್ಯೊ ಈ ತೀರಕ್ಕೆ ‘ಬ್ರಾವಾ’ ಅಂತ ಹೆಸರಿಟ್ಟರು. ಒರಟು, ಕಾಡು ಅಂತ ಅರ್ಥ. ಬಂಡೆಗಳು ನೇರ ನೀರಿಗೇ ಇಳಿಯುತ್ತವೆ. ರಸ್ತೆ ಬಹಳ ಕಡೆ ಗುಡ್ಡದ ಹಿಂದೆಯೇ ಸಾಗುತ್ತದೆ. ಚೆಂದದ ಜಾಗಗಳೆಲ್ಲ ಕಾಲುದಾರಿಯ ಪಕ್ಕದಲ್ಲಿವೆ.

ಆದ್ದರಿಂದ ಒಂದೇ ಊರಿನಲ್ಲಿ ಉಳಿಯಿರಿ. ನನ್ನ ಆಯ್ಕೆ ಕಲೆಲ್ಯ ದೆ ಪಲಫ್ರುಜೆಲ್. ರೂಮು ಕಾದಿರಿಸುವಾಗ ಪೂರ್ತಿ ಹೆಸರು ನೋಡಿ. ಬಾರ್ಸಿಲೋನಾಕ್ಕೆ ಹತ್ತಿರ ಇನ್ನೊಂದು ಕಲೆಲ್ಯ ಇದೆ, ಅದು ಬೇರೆಯೇ ಊರು. ಬಾರ್ಸಿಲೋನಾದ ಎಸ್ತಾಸಿಯೊ ದೆಲ್ ನೋರ್ದ್ ನಿಲ್ದಾಣದಿಂದ ಪಲಫ್ರುಜೆಲ್‌ಗೆ ಬಸ್ ಸಿಗುತ್ತದೆ. ಅಲ್ಲಿಂದ ಕಡಲು ನಾಲ್ಕೈದು ಕಿಲೋಮೀಟರ್ ಅಷ್ಟೇ.

ಈ ಊರಿನಲ್ಲಿ ಕಮಾನುಗಳ ಸಾಲೊಂದಿದೆ. ಮುಂದೆ ಮರಳು, ಮರಳಿನ ಮೇಲೆ ಎಳೆದಿಟ್ಟ ದೋಣಿಗಳು. ಅಮ್ಮ ಆ ನೆರಳಲ್ಲಿ ಎಷ್ಟು ಹೊತ್ತಾದರೂ ಕೂರಬಹುದು. ಅಲ್ಲಿಂದ ಪಕ್ಕದ ಊರು ಲ್ಯಫ್ರಾಂಕ್‌ಗೆ ‘ಕಮಿ ದೆ ರೋಂದಾ’ ಎಂಬ ಕಾಲುದಾರಿ ಹೋಗುತ್ತದೆ. ಕಳ್ಳಸಾಗಣೆ ಮಾಡುವವರನ್ನು ಹಿಡಿಯಲು ಕಾವಲುಗಾರರು ಗಸ್ತು ತಿರುಗುತ್ತಿದ್ದ ದಾರಿ ಅದು. ಅವರು ಒಂದೊಂದು ಕೊರಕಲಿಗೂ ಇಣುಕಬೇಕಿತ್ತಲ್ವಾ, ಅದಕ್ಕೇ ದಾರಿ ನೀರಿನ ಅಂಚನ್ನು ಬಿಡುವುದೇ ಇಲ್ಲ. ನಿಧಾನಕ್ಕೆ ನಡೆದರೂ ಅರ್ಧ ಗಂಟೆ. ಆದರೆ ಮೆಟ್ಟಿಲುಗಳಿವೆ. ಮಂಡಿನೋವಿದ್ದರೆ ಅಮ್ಮನನ್ನು ಒತ್ತಾಯ ಮಾಡಬೇಡಿ, ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ.

ಒಂದು ಸಂಜೆ ಮೀನಿನ ಹರಾಜು ನೋಡಲು ಪಲಮೋಸ್ ಬಂದರಿಗೆ ಹೋಗಿ. ಸೋಮವಾರದಿಂದ ಶುಕ್ರವಾರದೊಳಗೆ ಹೋಗಿ, ವಾರಾಂತ್ಯದಲ್ಲಿ ಬಲೆ ಎಳೆಯುವ ಟ್ರಾಲ್ ದೋಣಿಗಳು ಕಡಲಿಗಿಳಿಯುವುದಿಲ್ಲ. ಬೆನ್ನ ಹಿಂದೆ ಬೆಳ್ಳಕ್ಕಿ ಬಣ್ಣದ ಕಡಲಹಕ್ಕಿಗಳ ಹಿಂಡು ಕಟ್ಟಿಕೊಂಡು ದೋಣಿಗಳು ಬರುತ್ತವೆ. ಹರಾಜಿನಲ್ಲಿ ಬೆಲೆ ಮೇಲಿಂದ ಕೆಳಗೆ ಇಳಿಯುತ್ತದೆ. ಮೊದಲು ಗುಂಡಿ ಒತ್ತಿದವರಿಗೆ ಮಾಲು. ಅಲ್ಲಿನ ಕೆಂಪು ಸಿಗಡಿಗೆ ತುಂಬ ಹೆಸರು. ನೀವು ತಿನ್ನದಿದ್ದರೂ ಆ ಕೆಲಸ ನೋಡಲೇಬೇಕು. ಊರು ಬದುಕಿರುವುದು ಅದರಿಂದ.

ಊಟಕ್ಕೆ ಟೊಮೆಟೊ, ಎಣ್ಣೆ ಸವರಿದ ಬ್ರೆಡ್ ಎಲ್ಲೆಡೆ ಸಿಗುತ್ತದೆ. ‘ಎಸ್ಕಲಿವಾದ’ ಅಂದರೆ ಸುಟ್ಟ ಬದನೆ, ದೊಣ್ಣೆಮೆಣಸು. ಕೆಲವೊಮ್ಮೆ ಅದರ ಮೇಲೆ ಆಂಚೋವಿ ಮೀನು ಇಡುತ್ತಾರೆ. ಮೊದಲೇ ಬೇಡ ಅನ್ನಿ.

ಮೂರನೇ ದಿನ ಮಾತ್ರ ಕಾರು ತೆಗೆದುಕೊಂಡು ಉತ್ತರದ ಕಡಲೂರು ಕದಾಕೆಸ್‌ಗೆ ಹೋಗಿ. ಪಕ್ಕದ ಪೋರ್ತ್‌ಲಿಗಾತ್‌ನಲ್ಲಿ ಚಿತ್ರಕಾರ ಡಾಲಿಯ ಮನೆಯಿದೆ. ಮೀನುಗಾರರ ಗುಡಿಸಲುಗಳನ್ನು ಕೊಂಡು ಒಂದಕ್ಕೊಂದು ಸೇರಿಸಿ ಕಟ್ಟಿದ್ದು. ಟಿಕೆಟ್ ಮುಂಚೆಯೇ ಕಾದಿರಿಸಿ. ಆಮೇಲೆ ಕಾಪ್ ದೆ ಕ್ರೆಯುಸ್, ಸ್ಪೇನ್ ಮುಖ್ಯಭೂಮಿಯ ಪೂರ್ವದ ತುದಿ. ದೀಪಸ್ತಂಭದವರೆಗೆ ರಸ್ತೆ ಇದೆ, ಅಮ್ಮನೂ ಬರಬಹುದು. ಉತ್ತರದಿಂದ ‘ತ್ರಮುಂತಾನಾ’ ಗಾಳಿ ಬೀಸುತ್ತಿದ್ದರೆ ಆಕಾಶ ತಿಳಿಯಾಗಿರುತ್ತದೆ, ಆದರೆ ನಿಲ್ಲುವುದೇ ಕಷ್ಟ. ಆ ದಿನ ಅಂಚಿಗೆ ಹೋಗಬೇಡಿ. ಅಮ್ಮನಿಗೆ ಒಂದು ದಪ್ಪ ಸ್ವೆಟರ್ ಇರಲಿ.