ಅಕ್ಕನೂ ಮಗುವೇ

ಪ್ರಶ್ನೆ: ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೂವರು ಮಕ್ಕಳು ನಮ್ಮ ಪಕ್ಕದ ಮನೆಯಲ್ಲಿದ್ದಾರೆ. 14 ವರ್ಷದ ಅಕ್ಕನೇ ತಮ್ಮಂದಿರನ್ನು ನೋಡಿಕೊಳ್ಳುತ್ತಾಳೆ. ಮೂವರನ್ನೂ ಎಲ್ಲಾದರೂ ಅನಾಥಾಶ್ರಮಕ್ಕೆ ಸೇರಿಸೋದು ಒಳ್ಳೇದಾ?

ಉತ್ತರ: ಆತುರ ಬೇಡ. ಅವರಿಗೆ ಉಳಿದಿರೋದು ಒಬ್ಬರಿಗೊಬ್ಬರು ಮಾತ್ರ, ಅದನ್ನೂ ಕಿತ್ತುಕೊಳ್ಳಬಾರದು ಅಲ್ವಾ? ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿ ಕೂಡ, ದೊಡ್ಡ ಮಗುವಿಗೆ ಮನಸ್ಸು ಮತ್ತು ಶಕ್ತಿ ಇದ್ದರೆ ಒಡಹುಟ್ಟಿದವರು ಒಟ್ಟಿಗೇ ಇರಲು ನೆರವಾಗಿ ಅನ್ನುತ್ತದೆ. ಆದರೆ ಕಾನೂನಿನ ಪ್ರಕಾರ ಹೊಣೆ ಹೊರುವ ಪೋಷಕರೊಬ್ಬರು ಇರಲೇಬೇಕು. ಹಾಗಾಗಿ ಮೊದಲು ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಿ. ಮನೆ, ಜಮೀನಿನ ಕಾಗದಪತ್ರ ಯಾರ ಕೈಯಲ್ಲಿದೆ ಅಂತಲೂ ವಿಚಾರಿಸಿ, ಸಂಬಂಧಿಕರೇ ಲಪಟಾಯಿಸೋದು ಉಂಟು.

ನನಗೆ ಜಾಸ್ತಿ ಚಿಂತೆ ಆ ಹುಡುಗಿಯದು. ಚಿಕ್ಕವನಿಗೆ ಜ್ವರ ಬಂದರೆ ರಾತ್ರಿಯಿಡೀ ಎದ್ದಿರುವವಳು ಅವಳೇ, ಬೆಳಿಗ್ಗೆ ಶಾಲೆ ತಪ್ಪಿಸಿಕೊಳ್ಳುವವಳೂ ಅವಳೇ, ತಮ್ಮಂದಿರ ಮುಂದೆ ಅಳೋಕೂ ಆಗಲ್ಲ. ‘ಎಷ್ಟು ಜವಾಬ್ದಾರಿ ನಿನಗೆ’ ಅಂತ ಹೊಗಳಿ ಹೊರೆ ಹೆಚ್ಚಿಸಬೇಡಿ. ದಿನಾ ಒಂದೇ ಹೊತ್ತಿಗೆ ಹೋಗಿ, ಚಿಕ್ಕವರನ್ನು ಒಂದು ಗಂಟೆ ನೀವು ನೋಡಿಕೊಳ್ಳಿ, ಅವಳು ಓದಲಿ, ಇಲ್ಲಾ ಗೆಳತಿಯರ ಜೊತೆ ಆಡಲಿ. ಹೋಗ್ತೀನಿ ಅಂದ ಮೇಲೆ ತಪ್ಪಿಸಬೇಡಿ.