ಅವರೆಕಾಯಿ ಬೇಡ, ಒಗ್ಗರಣೆ ಸಾಮಾನು ಒಯ್ಯಿರಿ

ಪ್ರಶ್ನೆ: ಮಗಳು ಫಿನ್ಲೆಂಡಿನ ಔಲು ಪಟ್ಟಣದಲ್ಲಿದ್ದಾಳೆ. ಅಲ್ಲೇ ಬೆಳೆದದ್ದನ್ನು, ಆಯಾ ಕಾಲಕ್ಕೆ ಸಿಕ್ಕಿದ್ದನ್ನೇ ತಿನ್ನಬೇಕು ಅಂತ ಅವಳ ಹಟ. ಹಿಮದ ಊರಲ್ಲಿ ಏನು ತಾನೇ ಬೆಳೆಯುತ್ತೆ? ಜನವರಿಯಲ್ಲಿ ಹೋಗುವಾಗ 5 ಕೆಜಿ ಸೊಗಡವರೆ ಒಯ್ಯಲೇ?
– ಓದುಗಿ, ಚಿಂತಾಮಣಿ

ಉತ್ತರ: ಬೇಡ ತಾಯಿ. 2019ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹಸಿ ತರಕಾರಿ ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದೂ ಅಲ್ಲದೆ, ಇಬ್ಬನಿ ಕುಡಿದ ಅವರೆಯ ಸೊಗಡು ಕಿತ್ತ ಮಾರನೇ ದಿನಕ್ಕೇ ಇಳಿಯುತ್ತೆ, ನಿಮಗೇ ಗೊತ್ತು. ರಾಗಿಹಿಟ್ಟು, ಮೆಣಸಿನಪುಡಿ, ಸಾಸಿವೆ, ಇಂಗು ಕಟ್ಟಿಕೊಳ್ಳಿ. ಮಗಳ ಹಟ ಸರಿಯಾಗೇ ಇದೆ.

ಅದೇ ಊರಲ್ಲಿ ಮಗನ ಮನೆಯಲ್ಲಿ ನಾನೂ ಒಂದು ಚಳಿಗಾಲ ಇದ್ದೆ. ಡಿಸೆಂಬರಿನಲ್ಲಿ ಹಗಲು ಮೂರೂವರೆ ಗಂಟೆ, ಅಷ್ಟೇ. ನೆಲ ಹೆಪ್ಪುಗಟ್ಟುವ ಮೊದಲು ಕಿತ್ತಿಟ್ಟ ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು ವಸಂತದವರೆಗೂ ನಡೆಯುತ್ತವೆ. ಹಳೆ ಮನೆಗಳಲ್ಲಿ ಇದಕ್ಕೆಂದೇ ನೆಲಮಾಳಿಗೆ. ಮೆಟ್ಟಿಲಿಳಿದಾಗ ಶ್ರೀನಿವಾಸಪುರದ ನಮ್ಮ ಅಂಗಳದಲ್ಲಿದ್ದ ತಾತನ ಕಾಲದ ಹಗೇವು, ರಾಗಿ ತುಂಬಿಡುವ ನೆಲದೊಳಗಿನ ಕಣಜ, ನೆನಪಾಗಿ ಗಂಟಲು ತುಂಬಿ ಬಂತು. ನಮ್ಮದು ಗಾಳಿಯಾಡದೆ ಒಣಗಿರಬೇಕು, ಅವರದು ತಣ್ಣಗೆ ಪಸೆಯಾಗಿರಬೇಕು, ಬದುಕು ಒಂದೇ.

ಅಲ್ಲಿ ಲಂಟ್ಟು ಅಂತ ಒಂದು ಗಡ್ಡೆ. ಮೇಲೆ ನೇರಳೆ, ಒಳಗೆ ಹಳದಿ, ಹೆರೆದರೆ ನವಿಲುಕೋಸಿನದೇ ವಾಸನೆ. ಬೇಳೆ ಹಾಕಿ ಹುಳಿ ಮಾಡಿದೆ, ಮಗ ಎರಡು ಸಲ ಬಡಿಸಿಕೊಂಡ. ಸೆಪ್ಟೆಂಬರಿನಲ್ಲಿ ಅವನು ಕಾಡಿನಿಂದ ಪುವೊಲುಕ್ಕ ಎಂಬ ಕೆಂಪು ಹಣ್ಣು ಕಿತ್ತು ತಂದಿದ್ದ. ಕಾಡು ಯಾರದ್ದೇ ಆಗಿರಲಿ, ಹಣ್ಣು ಕೀಳುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ. ಅದರಲ್ಲಿ ಬೆಂಜೋಯಿಕ್ ಆಮ್ಲ ಸಹಜವಾಗೇ ಇರುವುದರಿಂದ ಬರೀ ನೀರಲ್ಲಿ ಮುಳುಗಿಸಿಟ್ಟರೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಒಂದು ಹಿಡಿ ಜಜ್ಜಿ, ಬೆಲ್ಲ, ಮೆಣಸಿನಪುಡಿ ಬೆರೆಸಿ, ಸಾಸಿವೆ ಚಟಗುಟ್ಟಿಸಿ ಹಾಕಿದೆ. ಕೊಂಚ ಒಗರು, ಆದರೆ ಹುಣಸೆ ಗೊಜ್ಜಿನ ಚುರುಕೇ ಇತ್ತು.

ಅಲ್ಲಿ ಬೆಳೆಯುವ ರೈ ಎಂಬ ಧಾನ್ಯದ ಹಿಟ್ಟಿನಲ್ಲಿ ಮುದ್ದೆ ತೊಳಸಲು ಹೋಗಬೇಡಿ, ಕೋಲಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ಈರುಳ್ಳಿ ಹೆಚ್ಚಿ ಹಾಕಿ ರೊಟ್ಟಿ ತಟ್ಟಿ.

ಇನ್ನೊಂದು: ಅಲ್ಲಿನ ಚಳಿಗಾಲದ ಬಿಸಿಲಿಗೆ ಮೈಯಲ್ಲಿ ವಿಟಮಿನ್ ಡಿ ಹುಟ್ಟುವುದಿಲ್ಲ. ಅದನ್ನು ಬೆರೆಸಿದ ಹಾಲು ಅಂಗಡಿಗಳಲ್ಲಿ ಸಿಗುತ್ತೆ, ಮಗಳು ತಪ್ಪದೆ ಕುಡಿಯಲಿ.

ನೀವು ಒಯ್ದ ರಾಗಿಹಿಟ್ಟಿನಲ್ಲಿ ಒಂದು ಪಾವು ಮೇ ತಿಂಗಳಿಗೆ ಎತ್ತಿಡಲು ಹೇಳಿ. ಆಗ ಬೇಲಿ ಬದಿಯಲ್ಲಿ ತುರಿಕೆ ಸೊಪ್ಪು ಚಿಗುರುತ್ತೆ. ಕೈಗವಸು ಹಾಕಿ ಕಿತ್ತು, ಕುದಿನೀರಲ್ಲಿ ಬೇಯಿಸಿದರೆ ತುರಿಕೆ ಹೋಗಿಬಿಡುತ್ತೆ. ಮುದ್ದೆಗೆ ಒಳ್ಳೆ ಮಸ್ಸೊಪ್ಪು.